ಓದುಗರ ಪ್ರಶ್ನೆ: ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್

ಪ್ರಶ್ನೆ: ನಮ್ಮ ಕಡೆಯ ಯಕ್ಷಗಾನ ಮೇಳಗಳಲ್ಲಿ ಹೆಸರಾಂತ ವೇಷಧಾರಿಯ ಮಗನಾದರೂ ಕೋಡಂಗಿ ಎಂಬ ಕಲಿಯುವವರ ವೇಷದಿಂದಲೇ ಆರಂಭಿಸಬೇಕೆಂಬ ಕ್ರಮವಿತ್ತು. ಸಿನಿಮಾದಲ್ಲಿ ಹಾಗಿರಲಿಲ್ಲವೆಂದು ಕಾಣುತ್ತದೆ. ನಟ ಲೋಕೇಶ್ ಅವರಿಗೆ ಮನೆತನದಿಂದ ದೊರೆತದ್ದೆಷ್ಟು, ಅವರೇ ಗಳಿಸಿದ್ದೆಷ್ಟು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ದೊರೆತದ್ದು ಸಣ್ಣದೇನಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾಗಿ ನಟಿಸಿದ ಎಂ.ವಿ. ಸುಬ್ಬಯ್ಯ ನಾಯ್ಡು ಅವರು ಆರ್. ನಾಗೇಂದ್ರರಾಯರ ಜೊತೆಗೂಡಿ ನಾಟಕ ಕಂಪನಿಯನ್ನೂ ನಡೆಸಿದವರು. ಅಂಥವರ ಮನೆಯಲ್ಲಿ ಹುಟ್ಟಿದ ಲೋಕೇಶ್ ಅವರು ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಬಾಲನಟರಾಗಿಯೇ ಬಣ್ಣ ಹಚ್ಚಿದರು. ಆದರೆ ಅವರು ನಟರಾಗಿ ಬೆಳೆದದ್ದು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ಎಂಬುದನ್ನು ಮರೆಯಬಾರದು. ನಟರಂಗ ತಂಡ ಆಡಿದ ಮಾಸ್ತಿಯವರ ‘ಕಾಕನಕೋಟೆ’ ನಾಟಕದಲ್ಲಿ ಪಳಗಿದ ಅವರೇ 1977ರಲ್ಲಿ ಸಿ.ಆರ್. ಸಿಂಹ ಅದನ್ನು ಚಿತ್ರವಾಗಿಸಿದಾಗಲೂ ನಟಿಸಿದರು. ಮೇಳದ ಹುಡುಗನಿಗೆ ಕೋಡಂಗಿ, ಬಾಲಗೋಪಾಲರ ಕುಣಿತದಲ್ಲಿ ಆಗುವ ತಾಲೀಮು ಅವರಿಗೆ ಆ ರಂಗಭೂಮಿಯಲ್ಲಿ ಆಯಿತೆನ್ನಬಹುದು.

ತಂದೆಯವರು ಕಿರೀಟ ಧರಿಸುವ ಪೌರಾಣಿಕ ಪಾತ್ರಗಳಿಂದ ಹೆಸರಾದರೆ, ಮಗ ಆರಿಸಿಕೊಂಡದ್ದು ಹೊಲ, ಸಂತೆ, ಸಾಲ, ಜಗಳಗಳ ನಡುವೆ ಬದುಕುವ ಮನುಷ್ಯರನ್ನು. 1974ರಲ್ಲಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಊರೆಲ್ಲ ದ್ವೇಷಿಸುವ ಜಿಪುಣ ತಂದೆಯ ಹೆಸರನ್ನು ಹೊತ್ತುಕೊಂಡೇ ಊರಿನವರ ವಿಶ್ವಾಸವನ್ನು ಗಳಿಸಬೇಕಾದ ಅಯ್ಯುವಿನ ಸಂಕಟವನ್ನು ಅವರು ಅಬ್ಬರವಿಲ್ಲದೆ ತೋರಿದ ಬಗೆ, ನನ್ನ ಅಭಿಪ್ರಾಯದಲ್ಲಿ, ಕನ್ನಡ ಚಿತ್ರಾಭಿನಯದ ಬಹು ದೊಡ್ಡ ಸಾಧನೆಗಳಲ್ಲೊಂದು. ಅದೇ ಚಿತ್ರದಲ್ಲಿ ವಿಷ್ಣುವರ್ಧನ್ ಅವರ ಗುಳ್ಳ ಕುದಿಯುವಾಗ ಅಯ್ಯು ಎಲ್ಲವನ್ನೂ ನುಂಗಿಕೊಳ್ಳುತ್ತಾನೆ, ಮತ್ತು ನೋಡುವವರ ಕಣ್ಣು ಇಬ್ಬರ ಮೇಲೂ ಸಮನಾಗಿ ನಿಲ್ಲುತ್ತದೆ. ಊರೂರು ತಿರುಗಿ ಸಾಮಾನು ಮಾರುವ ‘ಪರಸಂಗದ ಗೆಂಡೆತಿಮ್ಮ’ (1978), ದುಡ್ಡಿನ ಲೆಕ್ಕದಲ್ಲೇ ಮುಳುಗಿದ ‘ಬ್ಯಾಂಕರ್ ಮಾರ್ಗಯ್ಯ’ (1983) ಇವರಿಬ್ಬರ ನಡಿಗೆಯೂ ಮಾತಿನ ಲಯವೂ ಒಂದನ್ನೊಂದು ಹೋಲುವುದಿಲ್ಲ. ಮುಂದೆ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿದ ‘ಭುಜಂಗಯ್ಯನ ದಶಾವತಾರ’ ಚಿತ್ರವನ್ನು ತಾವೇ ನಿರ್ದೇಶಿಸಿದರು. ನಾಯಕನಟನ ಪಟ್ಟಕ್ಕಾಗಿ ಪಾತ್ರವನ್ನು ಬಗ್ಗಿಸಿಕೊಳ್ಳದ ಈ ನಿಷ್ಠೆ ಅವರದೇ ಗಳಿಕೆ. ಪೋಷಕ ಪಾತ್ರಗಳಿಗೆ ಬಂದಾಗಲೂ ಅದು ಅವರನ್ನು ಬಿಡಲಿಲ್ಲ.

ಪ್ರಶ್ನೆ: ಆ ಮನೆಯಲ್ಲಿ ಅಭಿನಯ ಮುಂದುವರಿದಿದೆಯೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಮುಂದುವರಿದಿದೆ. ಲೋಕೇಶ್ ಅವರು 2004ರಲ್ಲಿ ತೀರಿಕೊಂಡರು. ಪತ್ನಿ ಗಿರಿಜಾ ಲೋಕೇಶ್ ರಂಗಭೂಮಿ, ಸಿನಿಮಾ, ಧಾರಾವಾಹಿ ಮೂರರಲ್ಲೂ ಪೋಷಕ ಪಾತ್ರಗಳಿಂದ ಹೆಸರಾದವರು. ಮಗಳು ಪೂಜಾ ಅವರೂ ನಟಿ. ಮಗ ಸೃಜನ್ ಅವರನ್ನು ಕೇರಳದ ಗಡಿಯ ಈಚೆಗಿನ ನಮ್ಮ ಕಾಸರಗೋಡಿನ ಮನೆಗಳು ಹೆಚ್ಚಾಗಿ ಬಲ್ಲದ್ದು ಕಿರುತೆರೆಯ ನಗೆ ಕಾರ್ಯಕ್ರಮಗಳ ಮೂಲಕ.