ಡಬಲ್ಸ್‌ನಲ್ಲಿ ಸರ್ವ್ ಯಾರದು? ಮೊದಲು ಸ್ಕೋರ್ ಹೇಳಿ

ಅಡಿಕೆ ಅಂಗಳದಲ್ಲಿ ನೆಟ್ ಕಟ್ಟಿದ್ದೇವೆ, ನಾಲ್ಕು ಜನ ಶಟಲ್ ಬ್ಯಾಡ್ಮಿಂಟನ್ ಆಡುತ್ತೇವೆ, ಆದರೆ ಸರ್ವ್ ಯಾರದು ಅಂತ ದಿನಾ ಜಗಳ, ಸರಿಯಾದ ರೂಲ್ಸ್ ಹೇಳಿ ಅಂತ ಕೇಳಿದ್ದೀರಿ. ನನಗನ್ನಿಸೋದು, ನಿಮ್ಮಲ್ಲಿ ಕೆಲವರು ಹಳೇ ಲೆಕ್ಕದಲ್ಲಿ ಆಡುತ್ತಿದ್ದಾರೆ, ಕೆಲವರು ಹೊಸ ಲೆಕ್ಕದಲ್ಲಿ. ಮುಂಚೆ ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್, ಡಬಲ್ಸ್‌ನಲ್ಲಿ ಜೋಡಿಯ ಇಬ್ಬರಿಗೂ ಒಂದೊಂದು ಸರದಿ. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದಾಗ ಗೇಮ್ 15ಕ್ಕೆ ಮುಗಿಯುತ್ತಿತ್ತು. 2006ರಿಂದ ಅದೆಲ್ಲ ಹೋಯಿತು. ಈಗ ಸರ್ವ್ ಯಾರದೇ ಇರಲಿ, ರ‍್ಯಾಲಿ (ಸರ್ವ್‌ನಿಂದ ಪಾಯಿಂಟ್ ತೀರ್ಮಾನವಾಗೋವರೆಗಿನ ಆಟ) ಗೆದ್ದವರಿಗೆ ಪಾಯಿಂಟ್, ಮುಂದಿನ ಸರ್ವ್ ಕೂಡ ಅವರದೇ. ಎರಡನೇ ಸರದಿ ಅನ್ನೋದೇ ಇಲ್ಲ.

ಇನ್ನು ಯಾರು, ಯಾವ ಕಡೆಯಿಂದ ಸರ್ವ್ ಮಾಡಬೇಕು? ಅದನ್ನು ನಿಮ್ಮ ಸ್ಕೋರೇ ಹೇಳುತ್ತೆ. ಸರ್ವ್ ಮಾಡುವ ಜೋಡಿಯ ಪಾಯಿಂಟ್ ಸಮ ಸಂಖ್ಯೆಯಾದರೆ (ಸೊನ್ನೆಯೂ ಸೇರಿ) ಬಲಗಡೆಯಿಂದ, ಬೆಸವಾದರೆ ಎಡಗಡೆಯಿಂದ, ಯಾವಾಗಲೂ ಓರೆಯಾಗಿ ಎದುರಿನ ಚೌಕಕ್ಕೆ.

ನೀವು ಮತ್ತು ತಮ್ಮ ಒಂದು ಕಡೆ, ಭಟ್ಟರು ಮತ್ತು ಅವರ ಮಗ ಇನ್ನೊಂದು ಕಡೆ ಅಂದುಕೊಳ್ಳಿ. ಲವ್ ಆಲ್, ಅಂದರೆ 0-0. ನೀವು ಬಲಗಡೆಯಿಂದ ಸರ್ವ್ ಮಾಡಿದಿರಿ, ಅವರ ಬಲಗಡೆ ನಿಂತ ಭಟ್ಟರು ಎತ್ತಿದರು, ರ‍್ಯಾಲಿ ನಿಮಗೆ ಬಂತು. 1-0. ಈಗ ನೀವಿಬ್ಬರು ಜಾಗ ಬದಲಿಸಿ, ನೀವೇ ಎಡಗಡೆಯಿಂದ ಭಟ್ಟರ ಮಗನಿಗೆ ಸರ್ವ್ ಮಾಡಬೇಕು. ಅವರು ನಿಂತಲ್ಲೇ ನಿಲ್ಲುತ್ತಾರೆ. ಈ ಸಲ ಅವರು ಗೆದ್ದರು, 1-1. ಅವರ ಸ್ಕೋರ್ ಬೆಸ, ಹಾಗಾಗಿ ಎಡಗಡೆ ಇರುವ ಮಗನೇ ಸರ್ವ್ ಮಾಡಬೇಕು. ಇಲ್ಲಿ ಯಾರೂ ಜಾಗ ಬದಲಿಸಬಾರದು, ಎಲ್ಲರೂ ಎಡವೋದು ಇಲ್ಲೇ! ಆ ರ‍್ಯಾಲಿ ಮತ್ತೆ ನಿಮಗೆ ಬಂದರೆ ನಿಮ್ಮದು 2, ಸಮ. ಬಲಗಡೆ ಯಾರಿದ್ದಾರೆ? ತಮ್ಮ. ಸರ್ವ್ ಅವನದು. ಅಂದರೆ ಜಾಗ ಬದಲಿಸೋದು ತಾವೇ ಸರ್ವ್ ಮಾಡಿ ಪಾಯಿಂಟ್ ಗೆದ್ದ ಜೋಡಿ ಮಾತ್ರ. ಪ್ರತಿ ಸರ್ವ್‌ಗೂ ಮುಂಚೆ ಸರ್ವ್ ಮಾಡುವವರು ತಮ್ಮ ಸ್ಕೋರ್ ಮೊದಲು, ಎದುರಿನವರದು ಆಮೇಲೆ, ಗಟ್ಟಿಯಾಗಿ ಕೂಗಲಿ. ಅಕಸ್ಮಾತ್ ತಪ್ಪು ಜಾಗದಲ್ಲಿ ಆಡಿಬಿಟ್ಟಿದ್ದೀರಿ ಅಂತ ಆಮೇಲೆ ಗೊತ್ತಾದರೆ ಜಾಗ ಸರಿ ಮಾಡಿಕೊಳ್ಳಿ, ಬಂದ ಪಾಯಿಂಟ್ ಹಾಗೇ ಇರುತ್ತೆ. ಸುಮ್ನೆ ಹಿಂದಿನ ರ‍್ಯಾಲಿ ಎಲ್ಲ ಕೆದಕಬೇಡಿ.

ಗೇಮ್ 21ಕ್ಕೆ. 20-20 ಆದರೆ ಎರಡು ಪಾಯಿಂಟ್ ಮುಂದಿರಬೇಕು, 29-29ರವರೆಗೂ ಎಳೆದರೆ 30 ಮಾಡಿದವರು ಗೆದ್ದಂತೆ. ಮೂರರಲ್ಲಿ ಎರಡು ಗೇಮ್ ಗೆದ್ದವರಿಗೆ ಮ್ಯಾಚ್.

ಅಂಗಳ ಸಾಕಷ್ಟು ದೊಡ್ಡದಿದ್ದರೆ ಅಳತೆ ಸರಿಯಾಗಿಯೇ ಹಾಕಿ: ಉದ್ದ 44 ಅಡಿ, ಅಗಲ 20 ಅಡಿ, ಸಿಂಗಲ್ಸ್‌ಗೆ ಅಗಲ 17. ನೆಟ್ ನಡುವೆ 5 ಅಡಿ, ಕಂಬದ ಹತ್ತಿರ ಒಂದಿಂಚು ಜಾಸ್ತಿ. ನೆಟ್‌ನಿಂದ ಆರೂವರೆ ಅಡಿಗೆ ಮುಂದಿನ ಸರ್ವೀಸ್ ಗೆರೆ. ಡಬಲ್ಸ್‌ನಲ್ಲಿ ಸರ್ವ್ ಮಾತ್ರ ಹಿಂದಿನ ಗೆರೆಗಿಂತ ಎರಡೂವರೆ ಅಡಿ ಒಳಗೇ ಬೀಳಬೇಕು, ಆಮೇಲಿನ ಆಟಕ್ಕೆ ಪೂರ್ತಿ ಅಂಗಳ. ಕಾಕ್ (ಶಟಲ್) ಗೆರೆಯ ಮೇಲೆ ಬಿದ್ದರೆ ಒಳಗೇ ಅಂತ ಲೆಕ್ಕ. ಯಾರಿಗೂ ಸರಿಯಾಗಿ ಕಾಣದಿದ್ದರೆ ಲೆಟ್, ಅದೇ ಪಾಯಿಂಟ್ ಮತ್ತೆ ಆಡಿ.

ಸರ್ವ್ ಮಾಡುವಾಗ ಎರಡೂ ಪಾದ ನೆಲದ ಮೇಲೆ ಅಲುಗದೆ ಇರಬೇಕು, ಗೆರೆ ತುಳಿಯಬಾರದು. ಹೊಡೆಯುವ ಹೊತ್ತಿಗೆ ಕಾಕ್ ಪೂರ್ತಿಯಾಗಿ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಮನೆಯಂಗಳದಲ್ಲಿ ಅಳೆಯುವವರು ಯಾರು? ಸೊಂಟದ ಕೆಳಗೆ ಅಂದುಕೊಂಡರೆ ಸಾಕು, ಮೊದಲಿನ ನಿಯಮವೂ ಹೆಚ್ಚುಕಮ್ಮಿ ಅದೇ ಆಗಿತ್ತು. ಸರ್ವ್ ನೆಟ್‌ಗೆ ತಾಗಿ ಆಚೆ ಸರಿಯಾದ ಚೌಕದಲ್ಲಿ ಬಿದ್ದರೆ ಅದು ಸರಿ. ಟೇಬಲ್ ಟೆನಿಸ್ ಆಡಿದವರು ಇದಕ್ಕೆ ಲೆಟ್ ಕೇಳುತ್ತಾರೆ, ಕೊಡಬೇಡಿ.

ಫೌಲ್‌ಗಳಲ್ಲಿ ಜಾಸ್ತಿ ವಾದ ಆಗೋದು ನೆಟ್ ಹತ್ತಿರ. ರ‍್ಯಾಲಿ ನಡೆಯುವಾಗ ಬ್ಯಾಟಾಗಲಿ ಮೈಯಾಗಲಿ ನೆಟ್‌ಗೆ ತಾಗಿದರೆ ಪಾಯಿಂಟ್ ಎದುರಿನವರಿಗೆ. ಕಾಕ್ ಅನ್ನು ನಿಮ್ಮ ಕಡೆಯಲ್ಲೇ ಹೊಡೆದು, ಆಮೇಲೆ ಬ್ಯಾಟ್ ನೆಟ್ ಮೇಲಿಂದ ಆಚೆ ಹೋದರೆ ತೊಂದರೆಯಿಲ್ಲ; ಕಾಕ್ ಇನ್ನೂ ಅವರ ಕಡೆ ಇದ್ದಾಗ ಹೋಗಿ ಹೊಡೆಯೋ ಹಾಗಿಲ್ಲ. ಕಾಕ್ ಮೈಗೆ, ಬಟ್ಟೆಗೆ ತಾಗಿದರೆ ತಾಗಿದವರಿಗೇ ನಷ್ಟ, "ಹೊರಗೆ ಹೋಗ್ತಿತ್ತಲ್ವಾ" ಅನ್ನೋ ಮಾತು ನಡೆಯಲ್ಲ. ಬ್ಯಾಟಿನ ಫ್ರೇಮ್‌ಗೆ ತಾಗಿ ಟಕ್ ಅಂತ ಆಚೆ ಹೋದ ಹೊಡೆತ ಮಾತ್ರ ನ್ಯಾಯವಾದದ್ದೇ.

ಬಾಲ್ ಬ್ಯಾಡ್ಮಿಂಟನ್ ಆಡಿ ಬೆಳೆದ ಹಿರಿಯರಿದ್ದರೆ ಆ ರೂಲ್ಸ್ ಇಲ್ಲಿಗೆ ತರಬೇಡಿ. ಐದೈದು ಜನ ಉಣ್ಣೆ ಚೆಂಡಿನಲ್ಲಿ ಆಡೋ ಆ ಆಟವೇ ಬೇರೆ.

ಬಯಲಲ್ಲಿ ಗರಿಯ ಕಾಕ್‌ಗೆ ದುಡ್ಡು ಸುರಿಯಬೇಡಿ, ನೈಲಾನ್‌ದು ತನ್ನಿ. ತಲೆ ಮೇಲೆ ಲೈಟಿನ ವಯರೋ ಮಾವಿನ ಕೊಂಬೆಯೋ ಇದ್ದರೆ, ಅದಕ್ಕೆ ತಾಗಿದರೆ ಲೆಟ್ಟೋ ಫೌಲೋ ಅಂತ ಆಟಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ಗೇಮ್ ಮುಗಿದಾಗ ಕಡೆ ಬದಲಿಸೋದಂತೂ ಇದ್ದೇ ಇದೆ, ಮೂರನೇ ಗೇಮಿನಲ್ಲಿ ಯಾರಾದರೂ 11 ಮಾಡಿದ ತಕ್ಷಣವೂ ಬದಲಿಸಬೇಕು. ನಿಮ್ಮಲ್ಲಿ ಗಾಳಿ ಒಂದೇ ಕಡೆಯಿಂದ ಬೀಸುತ್ತಿದ್ದರೆ ಇದನ್ನು ಮರೆಯಲೇಬೇಡಿ.