ಪಟ್ಟಿಯಲ್ಲಿ ಶಾಲೆಯ ಆಯಾಳ ಹೆಸರೇ ಇರಲಿಲ್ಲ

ಹುಬ್ಬಳ್ಳಿಯ ಒಬ್ಬ ತಾಯಿಯ ಪ್ರಕರಣ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಸಾವಿತ್ರಿ ಅಂತ ಕರೆಯೋಣ. ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ, ಮನೆಗೆ ಬರೋದು ತಿಂಗಳಿಗೆ ಸುಮಾರು 26,000 ರೂಪಾಯಿ. ಮಗ ಆರನೇ ಕ್ಲಾಸು, ಮಗಳು ಯುಕೆಜಿ, ಇಬ್ಬರೂ ಖಾಸಗಿ ಶಾಲೆ.

ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಮಾತಾಡ್ತಾ ಹೋದಂತೆ ಗೊತ್ತಾಯ್ತು, ಭಿಶಿ (ಚೀಟಿ) ಕಂತಿನ ರೊಕ್ಕ ತೆಗೆದು ಶಿಕ್ಷಕರ ದಿನದ ಗಿಫ್ಟಿಗೆ ಇಟ್ಟಿದ್ದಾರೆ, ಗಂಡನಿಗೆ ಹೇಳಿಲ್ಲ. ಆ ವರ್ಷ ಸೆಪ್ಟೆಂಬರ್ 5 ಗುರುವಾರ, ಶನಿವಾರವೇ ಗಣೇಶ ಚೌತಿ, ಓಣಿಯ ಗಣಪ್ಪನ ಪಟ್ಟಿ (ಚಂದಾ) ಕೇಳೋಕೆ ಹುಡುಗರು ಆಗಲೇ ಬಂದು ಹೋಗಿದ್ದರು. ಲೆಕ್ಕ ಬರೆಸಿದೆ. ಎರಡೂ ಕ್ಲಾಸಿನ ಪಾಲಕರ ವಾಟ್ಸಾಪ್ ಗುಂಪುಗಳು ಕೂಡಿಸೋ ಗಿಫ್ಟಿಗೆ 500 ಮತ್ತು 600. ಮಗಳ ಕ್ಲಾಸ್ ಟೀಚರ್‌ಗೆ ಬೇರೆಯಾಗಿ 1,400ರ ಸೀರೆ, ಟ್ಯೂಷನ್ ಸರ್‌ಗೆ 800, ವ್ಯಾನ್ ಡ್ರೈವರ್‌ಗೆ 300. ಒಟ್ಟು 3,600.

“ಗುಂಪಿನಾಗ ಕೊಟ್ಟ ಮ್ಯಾಲ ಮತ್ತ ಸೀರಿ ಯಾಕ್ರೀ?” ಅಂತ ಕೇಳಿದೆ. “ಎಲ್ಲಾರೂ ಬ್ಯಾರೆ ಕೊಡ್ತಾರ್ರೀ ಮೇಡಂ. ನಾವೊಬ್ರ ಕೊಡಲಿಲ್ಲಂದ್ರ ಹುಡುಗಿನ್ನ ಹಿಂದ ಕುಂದರಿಸಿದ್ರ?” ಹಂಗೆ ಯಾವತ್ತಾದರೂ ಆಗಿದೆಯಾ ಅಂದರೆ, ಇಲ್ಲ.

ಪಟ್ಟಿಯ ಒಂದೊಂದು ಹೆಸರಿನ ಮುಂದೆ, ಈ ವರ್ಷ ಅವರು ನಿಮ್ಮ ಮಗುವಿಗೆ ಮಾಡಿದ ಒಂದು ಕೆಲಸ ಬರೀರಿ ಅಂದೆ. ಟ್ಯೂಷನ್ ಸರ್ ಮುಂದೆ ಥಟ್ಟಂತ ಬರೆದರು: ಭಿನ್ನರಾಶಿ ತಲೆಗೆ ಹತ್ತದೆ ಮಗ ಅಳುತ್ತಿದ್ದಾಗ ಒಂದು ವಾರ ಜಾಸ್ತಿ ಹೊತ್ತು ಕೂರಿಸಿ ಕಲಿಸಿದ್ದರು. ಸೀರೆಯ ಟೀಚರ್ ಮುಂದೆ ಪೆನ್ನು ನಿಂತಿತು. ಪಾಪ, ಟೀಚರ್ ತಪ್ಪೇನಿಲ್ಲ, ಅವರ ಜೊತೆ ಇವರು ಸರಿಯಾಗಿ ಮಾತಾಡೇ ಇರಲಿಲ್ಲ. ಆಮೇಲೆ ತಾವಾಗೇ ಇನ್ನೊಂದು ಹೆಸರು ಸೇರಿಸಿದರು. ಶಾಲೆಯ ಆಯಾ. ಮಗಳು ವಾಂತಿ ಮಾಡಿಕೊಂಡ ದಿನ ಬಟ್ಟೆ ಬದಲಿಸಿ, ತೊಳೆದು ಒಣಗಿಸಿ, ಮಡಚಿ ಬ್ಯಾಗಿಗೆ ಹಾಕಿ ಕಳಿಸಿದಾಕೆ. ಪಟ್ಟಿಯಲ್ಲಿ ಆಕೆಗೆ ಒಂದು ರೂಪಾಯಿಯೂ ಇರಲಿಲ್ಲ. ಅಂಜಿಕೆಗೆ 1,400, ನೆನಪಿಗೆ ಸೊನ್ನೆ.

ನಾನು ಹೇಳಿದ್ದು ಇಷ್ಟು. ಹೆಸರು ಬರೆದು ಕೂಡಿಸಬೇಡಿ, ಮೊದಲು ಒಟ್ಟು ಮೊತ್ತ ಗೊತ್ತು ಮಾಡಿ, ಅದೂ ಗಂಡನ ಜೊತೆ ಕೂತು. ಇಬ್ಬರೂ 900 ಅಂತ ನಿಕ್ಕಿ ಮಾಡಿದರು. ಗುಂಪಿಗೆ ಎರಡು ಕಡೆ ತಲಾ 200, ಟ್ಯೂಷನ್ ಸರ್‌ಗೆ 200ರಲ್ಲಿ ಬೆಂಗೇರಿಯ ಖಾದಿ ಕರವಸ್ತ್ರ, ಆಯಾಗೆ 200ರಲ್ಲಿ ಒಂದು ಖಣ, ಡ್ರೈವರ್‌ಗೆ 100ರಲ್ಲಿ ಪೇಡೆ. ಕ್ಲಾಸ್ ಟೀಚರ್‌ಗೆ ಮಗಳು ಬಿಡಿಸಿದ ಚಿತ್ರ, ಜೊತೆಗೆ ತಾಯಿಯ ಕೈಬರಹದ ಎರಡು ಸಾಲು. ಗೋಡೆ ಗಡಿಯಾರ, ಪೆನ್ ಸ್ಟ್ಯಾಂಡು ಸುಮ್ನೆ ತರಬೇಡಿ, ಟೀಚರ್‌ಗಳ ಮನೆಯಲ್ಲಿ ಅವು ಡಬ್ಬಿ ಸಮೇತ ಕಪಾಟು ತುಂಬಿರುತ್ತವೆ. ಅತ್ತೆಯವರು ಟೀಚರ್‌ಗೆ ಉಡಿ ತುಂಬು ಅಂದಿದ್ದರಂತೆ. ಮನೆಗೆ ಕರೆದಾಗ ಚೆಂದ, ಆದರೆ ಕ್ಲಾಸಿನಲ್ಲಿ ಬೇಡ, ಎಲ್ಲ ಟೀಚರ್‌ಗೂ ಆ ಪದ್ಧತಿ ಇರಲ್ಲ. ನಗದು, ಬಂಗಾರ, ಬೆಳ್ಳಿ ಬೇಡವೇ ಬೇಡ. ಸರ್ಕಾರಿ ಶಾಲೆಯಾದರಂತೂ ನೌಕರರ ನಡತೆ ನಿಯಮಗಳಿವೆ, ತಗೊಂಡ ಶಿಕ್ಷಕರೇ ಕಷ್ಟಕ್ಕೆ ಸಿಗಬಹುದು.

ಗುಂಪಿಗೆ ಏನಂತ ಮೆಸೇಜ್ ಹಾಕೋದು ಅನ್ನೋದಕ್ಕೇ ಅರ್ಧ ತಾಸು ಹೋಯ್ತು. ಅವರ ಮೊದಲ ಕರಡಿನ ತುಂಬಾ ಗಾಡಿ ರಿಪೇರಿ, ಅತ್ತೆಯ ಔಷಧಿ, ಸಾರಿ, ಸಾರಿ. ಎಲ್ಲಾ ಹೊಡೆದು ಹಾಕಿಸಿದೆ. ಕಾರಣ ಕೊಟ್ಟರೆ ಜನ ಆ ಕಾರಣದ ಜೊತೆ ವಾದಕ್ಕೆ ನಿಲ್ಲುತ್ತಾರೆ. ಉಳಿದದ್ದು: “ನಮ್ಮ ಕಡಿಂದ 200 ಕೊಡ್ತೀವ್ರಿ. ಕಾರ್ಡಿನಾಗ ಎಲ್ಲಾ ಹುಡುಗರ ಹೆಸರು ಬರೀರಿ, ಯಾರು ಎಷ್ಟು ಕೊಟ್ರು ಅಂತ ಬರೀಬ್ಯಾಡ್ರಿ.”

ಹದಿನೈದು ದಿನ ಬಿಟ್ಟು ಬಂದರು. ಗೇಟಿನ ಹತ್ತಿರ ಒಬ್ಬಾಕೆ ಚುಚ್ಚಿ ಮಾತಾಡಿದ್ದರಂತೆ, ಅದಕ್ಕೆ ಅತ್ತೂ ಇದ್ದರು. ಹುಡುಗಿನ್ನ ಹಿಂದೆ ಕೂರಿಸ್ತಾರೆ ಅನ್ನೋ ಅಂಜಿಕೆ ಕಡಿಮೆ ಆಗಿತ್ತು, ಪೂರ್ತಿ ಹೋಗಿರಲಿಲ್ಲ. ನಿಜವಾಗಿ ಭೇದ ಕಂಡರೆ ಯಾವ ದಿನ, ಏನಾಯ್ತು ಅಂತ ಬರೆದಿಟ್ಟುಕೊಂಡು ಪಾಲಕರ ಸಭೆಯಲ್ಲಿ ಟೀಚರ್ ಜೊತೆ ನೇರವಾಗಿ ಮಾತಾಡಿ, ಆಗದಿದ್ದರೆ ಹೆಡ್‌ಮಿಸ್ ಹತ್ತಿರ ಹೋಗಿ ಅಂದೆ. ಭಿಶಿ ಕಂತು ಕಟ್ಟಿದ್ದಾರೆ. ಮುಂದಿನ ಸಲಕ್ಕೆ ಅಂತ ತಿಂಗಳಿಗೆ 75 ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತಿದ್ದಾರೆ, ಡಬ್ಬಿ ಎಲ್ಲಿದೆ ಅಂತ ಈಗ ಗಂಡನಿಗೂ ಗೊತ್ತು.