ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಗ್ರೀಸ್‌ನ ದ್ವೀಪಕ್ಕೆ ಕರೆದುಕೊಂಡು ಹೋದರೆ ಸಮುದ್ರಕ್ಕೆ ಇಳಿಯಬಹುದಾ?

ಖಂಡಿತ ಇಳಿಯಬಹುದು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಬಿಟ್ಟು ಬೇರೆ ತಿಂಗಳು ನೋಡಲೇಬೇಡಿ.

ನೀವು ಕೇಳಿರುವುದು ಮೂರು ವಿಷಯ. ಬೇಸಿಗೆ ಮುಗಿಯುತ್ತಾ ಬಂದಿರುತ್ತದೆ, ನೀರು ತಣ್ಣಗಾಗಿರುತ್ತದಾ? ಅರವತ್ತು ದಾಟಿದ ಅಪ್ಪ ಅಮ್ಮ ಸಸ್ಯಾಹಾರಿಗಳು, ಅವರಿಗೆ ಊಟ ಸಿಗುತ್ತದಾ? ಹೋದರೆ ಎಲ್ಲರೂ ಹೇಳುವ ಸ್ಯಾಂಟೊರಿನಿ ದ್ವೀಪಕ್ಕೇ ಹೋಗಬೇಕಾ? ಎರಡು ವರ್ಷದ ಹಿಂದೆ ನನ್ನ ತಲೆಯಲ್ಲಿ ಇದ್ದದ್ದೂ ಇದೇ ಮೂರು. ಸೆಪ್ಟೆಂಬರ್ ಎರಡನೇ ವಾರ ಅಪ್ಪಯ್ಯ, ಅಮ್ಮ, ನಾನು, ನನ್ನ ಹೆಂಡತಿ ನಾಲ್ಕೂ ಜನ ನಾಕ್ಸೋಸ್ ದ್ವೀಪಕ್ಕೆ ಹೋಗಿ ಏಳು ರಾತ್ರಿ ಇದ್ದು ಬಂದೆವು. ಅದನ್ನೇ ಹೇಳುತ್ತೇನೆ.

ಮೊದಲು ನೀರಿನ ಮಾತು. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಮುದ್ರ ಹಾಗಲ್ಲ. ಜೂನ್‌ನಿಂದ ಬಿಸಿಲು ಕುಡಿದ ನೀರು ಆಗಸ್ಟ್ ಹೊತ್ತಿಗೆ ಪೂರ್ತಿ ಕಾದಿರುತ್ತದೆ, ಸೆಪ್ಟೆಂಬರ್ ಉದ್ದಕ್ಕೂ ಆ ಬಿಸಿ ಉಳಿದಿರುತ್ತದೆ. ನಾಕ್ಸೋಸ್ ಸುತ್ತ ಆಗ ನೀರು ಸುಮಾರು 24 ಡಿಗ್ರಿ ಇರುತ್ತದೆ. ಮೇ ತಿಂಗಳಲ್ಲಿ ಹೋದವರು ಹೊರಗೆ ಒಳ್ಳೆ ಬಿಸಿಲಿದ್ದರೂ ನೀರಿಗೆ ಇಳಿದು ನಡುಗುತ್ತಾರೆ. ಆದರೆ ನಮ್ಮ ಕರಾವಳಿಯ ನೀರು 28 ಡಿಗ್ರಿ ಆಸುಪಾಸು ಇರುತ್ತದಲ್ಲ, ಅದಕ್ಕೆ ಒಗ್ಗಿದ ಮೈಗೆ 24 ಕೂಡ ಮೊದಲ ಎರಡು ನಿಮಿಷ ಚಳಿ ಅನಿಸುತ್ತದೆ. ಆಮೇಲೆ ಹೊರಗೆ ಬರಲು ಮನಸ್ಸಾಗುವುದಿಲ್ಲ.

ನೀರಿನ ಜೊತೆಗೇ ಗಾಳಿಯ ಮಾತು. ಇದನ್ನು ಟೂರ್ ಏಜೆಂಟರು ಯಾರೂ ಹೇಳುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಆ ಸಮುದ್ರದ ಮೇಲೆ ಉತ್ತರದಿಂದ ಮೆಲ್ತೆಮಿ ಎಂಬ ಒಣಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಆದರೆ ಗಾಳಿ ಮರಳನ್ನು ಎತ್ತಿ ಮುಖಕ್ಕೆ ಹೊಡೆಯುತ್ತದೆ. ಹವಾಮಾನ ಬಲ್ಲವರು ಈ ಗಾಳಿಗೂ ನಮ್ಮ ಮುಂಗಾರಿಗೂ ನಂಟು ಇದೆ ಎನ್ನುತ್ತಾರೆ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಗಾಳಿಯ ಒತ್ತಡ ಇಳಿಯುತ್ತದೆ. ನಮ್ಮ ಕಡೆಗೆ ಮಳೆ ಮೋಡ ಎಳೆಯುವುದು ಅದೇ, ಟರ್ಕಿಯವರೆಗೆ ಚಾಚಿ ಆ ಗಾಳಿಗೆ ಬಲ ಕೊಡುವುದೂ ಅದೇ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ನಮ್ಮ ಊರು ಕುಂದಾಪುರದ ಹತ್ತಿರ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮರವಂತೆಯ ಅಲೆ ಹೈವೇ ಅಂಚಿಗೇ ಬಂದು ಬಡಿಯುತ್ತದೆ. ಮುಂಗಾರು ಸೋಲುವ ಹೊತ್ತಿಗೆ ಅಲ್ಲಿ ಮೆಲ್ತೆಮಿಯೂ ಸೋಲುತ್ತದೆ. ಸೆಪ್ಟೆಂಬರ್‌ನಲ್ಲಿ ಗಾಳಿ ಪೂರ್ತಿ ನಿಲ್ಲುವುದಿಲ್ಲ, ನಡುನಡುವೆ ಎದ್ದು ಬರುತ್ತದೆ. ಅದರ ಕಥೆ ಕೊನೆಗೆ ಹೇಳುತ್ತೇನೆ.

ಜನ ಕಡಿಮೆಯಾಗುವುದೂ ಆಗಲೇ. ಆಗಸ್ಟ್ 15 ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ, ಗ್ರೀಕರೆಲ್ಲ ಊರಿಗೆ, ದ್ವೀಪಕ್ಕೆ ಹೊರಡುತ್ತಾರೆ. ಸೆಪ್ಟೆಂಬರ್ ಎರಡನೇ ವಾರ ಶಾಲೆ ಶುರು. ಮಕ್ಕಳಿರುವ ಮನೆಯವರು ವಾಪಸ್ ಹೋಗುತ್ತಾರೆ, ರೂಮಿನ ಬಾಡಿಗೆ ಇಳಿಯುತ್ತದೆ, ಹೋಟೆಲಿನವರಿಗೆ ನಿಂತು ಮಾತಾಡಲು ಪುರುಸೊತ್ತು ಇರುತ್ತದೆ.

ಇನ್ನು ಯಾವ ದ್ವೀಪ ಅನ್ನುವುದು. ಸ್ಯಾಂಟೊರಿನಿ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಕೂತ ಊರು. ಎಲ್ಲಿ ನೋಡಿದರೂ ಮೆಟ್ಟಿಲು. ಕಮಾರಿ, ಪೆರಿಸ್ಸಾ ಬೀಚುಗಳಲ್ಲಿ ಕಪ್ಪು ಮರಳು, ಮಧ್ಯಾಹ್ನ ಬರಿಗಾಲಿಡಲು ಆಗುವುದಿಲ್ಲ. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಸಮುದ್ರ ಸ್ನಾನಕ್ಕೆಂದು ಕರೆದುಕೊಂಡು ಹೋಗುವ ಜಾಗ ಅದಲ್ಲ. ಏಜಿಯನ್ ಸಮುದ್ರದ ಸೈಕ್ಲಡೀಸ್ ಎಂಬ ದ್ವೀಪಗಳ ಗುಂಪಿನಲ್ಲೇ ನಾಕ್ಸೋಸ್ ದೊಡ್ಡದು. ಸಾವಿರ ಮೀಟರ್ ದಾಟಿದ ಬೆಟ್ಟ ಇದೆ, ಹೊಲ ಇದೆ, ದನ ಇವೆ. ಪ್ರವಾಸಿಗಳು ಬರದಿದ್ದರೂ ಅಲ್ಲಿಯವರು ಬದುಕಿಯಾರು ಅನಿಸುವ ಊರು ಅದು. ನನಗೆ ಇಷ್ಟವಾಗಿದ್ದೇ ಅದು.

ಹೆಸರಾದ ಬೀಚುಗಳು ಹೆಚ್ಚಿನವು ಪಶ್ಚಿಮ ದಂಡೆಯಲ್ಲಿ ಒಂದರ ಪಕ್ಕ ಒಂದು. ಅಪ್ಪ ಅಮ್ಮನಿಗೆ ದ್ವೀಪದ ಮುಖ್ಯ ಪೇಟೆ ಖೋರಾಕ್ಕೆ ಅಂಟಿಕೊಂಡೇ ಇರುವ ಆಗಿಯೋಸ್ ಯೊರ್ಗಿಯೋಸ್ ಸಾಕು. ಸೇಂಟ್ ಜಾರ್ಜ್ ಬೀಚ್ ಅಂದರೂ ಎಲ್ಲರಿಗೂ ಗೊತ್ತಾಗುತ್ತದೆ. ತುಂಬ ದೂರ ನಡೆದರೂ ನೀರು ಸೊಂಟಕ್ಕೇ ಇರುತ್ತದೆ. ಫೋಟೋದಲ್ಲಿ ಇನ್ನೂ ಚೆಂದ ಕಾಣುವುದು ಆಗಿಯೋಸ್ ಪ್ರೊಕೋಪಿಯೋಸ್, ಆದರೆ ಅಲ್ಲಿ ಮರಳು ದಪ್ಪ, ನೀರು ಬೇಗ ಆಳವಾಗುತ್ತದೆ. ಈಜು ಬರುವವರಿಗೆ ಸರಿ. ಅದರ ಮುಂದೆ ಆಗಿಯಾ ಆನಾ, ಆಮೇಲೆ ಕಿಲೋಮೀಟರುಗಟ್ಟಲೆ ಉದ್ದದ ಪ್ಲಾಕಾ. ಅಲ್ಲಲ್ಲಿ ನಮ್ಮ ಗಾಳಿಮರದ ಹಾಗೆ ಕಾಣುವ ಮರಗಳಿವೆ, ನೆರಳಿಗೆ ಒಳ್ಳೆಯದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಲಾಕಾದ ಜನ ಕಡಿಮೆ ಇರುವ ಕಡೆ ಬಟ್ಟೆ ಇಲ್ಲದೆ ಸ್ನಾನ ಮಾಡುವವರಿರುತ್ತಾರೆ. ಅಪ್ಪ ಅಮ್ಮನ ಜೊತೆ ಹೋಗುವಾಗ ಗೊತ್ತಿದ್ದರೆ ಒಳ್ಳೆಯದು ಅಲ್ವಾ. ಬಂದರಿನ ಎದುರೇ ಬಸ್ ಸ್ಟ್ಯಾಂಡ್ ಇದೆ, ಈ ಎಲ್ಲ ಬೀಚಿಗೂ ಬಸ್ ಉಂಟು.

ಗ್ರೀಸ್‌ನಲ್ಲಿ ಸಮುದ್ರ ದಂಡೆ ಯಾರ ಸ್ವಂತದ್ದೂ ಅಲ್ಲ, ಎಲ್ಲರದ್ದು. ಸನ್‌ಬೆಡ್ ಬಾಡಿಗೆಗೆ ಕೊಡುವವರು ದಂಡೆಯನ್ನೆಲ್ಲ ಆವರಿಸಿಕೊಂಡಿದ್ದಕ್ಕೆ 2023ರಲ್ಲಿ ಪಕ್ಕದ ಪಾರೋಸ್ ದ್ವೀಪದ ಜನ ಟವೆಲ್ ಹಾಸಿ ಕೂತು ಪ್ರತಿಭಟಿಸಿದರು. ಟವೆಲ್ ಚಳವಳಿ ಅಂತಲೇ ಅದಕ್ಕೆ ಹೆಸರು ಬಂತು. ಮುಂದಿನ ವರ್ಷ ಕಾನೂನೂ ಬಿಗಿಯಾಯಿತು. ಹಾಗಾಗಿ ದುಡ್ಡು ಕೊಟ್ಟು ಬೆಡ್ ಹಿಡಿಯಲೇಬೇಕು ಅಂತೇನಿಲ್ಲ, ಟವೆಲ್ ಹಾಸಿ ಕೂರಿ. ಬೆನ್ನು ನೋವಿರುವ ಅಪ್ಪಯ್ಯನಿಗೋಸ್ಕರ ನಾವು ಎರಡು ದಿನ ಬೆಡ್ ತೆಗೆದುಕೊಂಡೆವು, ಅಷ್ಟೆ.

ಈಗ ಅಮ್ಮನ ವಿಷಯ. ಇದನ್ನು ಬರೆಯಲಿಕ್ಕೆಂದೇ ನಾನು ಉತ್ತರಿಸಲು ಕೂತದ್ದು. ನಮ್ಮ ಅಮ್ಮ ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಬಂದದ್ದು ಎಲ್ಲವೂ ಕಡಲ ಸದ್ದು ಕೇಳುವ ಮನೆಗಳಲ್ಲಿ. ಅರವತ್ಮೂರು ವರ್ಷದಲ್ಲಿ ಒಮ್ಮೆಯೂ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವರಲ್ಲ. ನಮ್ಮಲ್ಲಿ ಕಡಲು ಇಳಿಯುವ ಜಾಗವೇ ಅಲ್ಲ. ಕೈ ಮುಗಿಯಬೇಕು, ಕಾಲು ತೊಳೆದುಕೊಳ್ಳಬೇಕು, ವಾಪಸ್ ಬರಬೇಕು. ಸೆಳೆತ ಯಾವಾಗ ಎಳೆಯುತ್ತದೋ ಹೇಳಲಾಗುವುದಿಲ್ಲ, ಊರಲ್ಲಿ ಅದಕ್ಕೆ ಸಿಕ್ಕವರ ಹೆಸರು ಎಲ್ಲರಿಗೂ ಗೊತ್ತು.

ಮೊದಲ ದಿನ ಅಮ್ಮ ಸೀರೆ ಸ್ವಲ್ಪ ಎತ್ತಿ ಹಿಡಿದು ಅಂಚಿನಲ್ಲೇ ನಿಂತರು. ನೀರು ಎಷ್ಟು ತಿಳಿ ಇತ್ತೆಂದರೆ ಕಾಲುಂಗುರ ಲೆಕ್ಕ ಹಾಕಬಹುದಿತ್ತು. ದೊಡ್ಡ ನದಿಗಳು ಬಂದು ಸೇರಿ ಕೆಸರು ತರುವುದಿಲ್ಲ, ನೀರಲ್ಲಿ ಪಾಚಿಗೆ ಬೇಕಾದ ಸಾರವೂ ಕಡಿಮೆ, ಅದಕ್ಕೇ ಅಷ್ಟು ತಿಳಿ. ಉಬ್ಬರವಿಳಿತವೂ ಹೇಳಿಕೊಳ್ಳುವಷ್ಟು ಇಲ್ಲ. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗದಲ್ಲೇ ಸಂಜೆಯೂ ನೀರಿನ ಅಂಚು ಇರುತ್ತದೆ. ಅಮ್ಮ ಅದನ್ನು ಎರಡು ದಿನ ಸುಮ್ನೆ ಗಮನಿಸಿದರು. ಮೂರನೇ ದಿನ ನನ್ನ ಹೆಂಡತಿಯ ಟೀ ಶರ್ಟ್, ಲೆಗ್ಗಿಂಗ್ಸ್ ಹಾಕಿಕೊಂಡು ಅವಳ ಕೈ ಹಿಡಿದು ಇಳಿದರು. ಸೊಂಟದವರೆಗೆ ಹೋದರು. ನಿಂತರು. "ಕಾಲ್ ಎಳಿತಿಲ್ಲೆ ಅಲ್ದಾ?" ಅಂದರು. ಎಳೆಯುವುದಿಲ್ಲ ಅಮ್ಮ ಅಂದೆ. ಕುತ್ತಿಗೆವರೆಗೆ ಕೂತರು. ನಾನು ಬೆನ್ನಿನ ಕೆಳಗೆ ಕೈ ಕೊಟ್ಟೆ. ಆ ಸಮುದ್ರದಲ್ಲಿ ಉಪ್ಪು ಜಾಸ್ತಿ, ಲೀಟರಿಗೆ 38 ಗ್ರಾಂ ಆಸುಪಾಸು, ಮೈ ಸ್ವಲ್ಪ ಸುಲಭವಾಗಿ ತೇಲುತ್ತದೆ. ಒಂದು ಹಂತದಲ್ಲಿ ನನ್ನ ಕೈಗೆ ಭಾರವೇ ತಿಳಿಯಲಿಲ್ಲ. ಕೈ ತೆಗೆದೆ. ಅಮ್ಮ ಕಣ್ಣು ಮುಚ್ಚಿ ತೇಲುತ್ತಿದ್ದರು. ಕಿವಿ ನೀರಲ್ಲಿತ್ತು, ನಾನು ಕರೆದದ್ದು ಅವರಿಗೆ ಕೇಳಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಏಳೂವರೆಗೆಲ್ಲ ಅವರೇ ನಮ್ಮ ಬಾಗಿಲು ಬಡಿಯುತ್ತಿದ್ದರು.

ಅದಕ್ಕೇ ಹೇಳುವುದು, ಅಮ್ಮನಿಗೆ ಬೇಗ ಒಣಗುವ ಟೀ ಶರ್ಟ್, ಲೆಗ್ಗಿಂಗ್ಸ್ ಎರಡು ಜೊತೆ ಇಲ್ಲಿಂದಲೇ ತೆಗೆದುಕೊಂಡು ಹೋಗಿ. ಹತ್ತಿ ಚೂಡಿದಾರ ನೀರಲ್ಲಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದು ಅಪಾಯ. ಅಲ್ಲಿ ಯಾರು ಏನು ಹಾಕಿದ್ದಾರೆ ಅಂತ ಯಾರೂ ನೋಡುವುದಿಲ್ಲ. ರಬ್ಬರ್ ಸೋಲಿನ ನೀರಿನ ಚಪ್ಪಲಿಯೂ ಇರಲಿ, ಬಂಡೆ ಇರುವ ಕಡೆ ಮೈಯೆಲ್ಲ ಮುಳ್ಳಿರುವ ಕಪ್ಪು ಕಡಲಜೀವಿ ಇರುತ್ತದೆ, ತುಳಿದರೆ ಮುಳ್ಳು ಕಾಲೊಳಗೇ ಮುರಿಯುತ್ತದೆ. ಅಲೆ ಇಲ್ಲ ಅಂತ ಗಾಳಿ ಜೋರಿರುವ ದಿನ ಇಳಿಸಬೇಡಿ. ಅಂಥ ದಿನ ಅಲ್ಲೂ ಅಲೆ ಏಳುತ್ತದೆ.

ಊಟದ ಚಿಂತೆ ಬಿಡಿ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಬಹಳ ದಿನ ಉಪವಾಸ ಬರುತ್ತದೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹಾಗಾಗಿ ಬರೀ ತರಕಾರಿ, ಕಾಳಿನ ಅಡುಗೆ ಅವರಿಗೆ ಹೊಸದಲ್ಲ, ಅಜ್ಜಿಯಿಂದ ಬಂದದ್ದು. ಆಲಿವ್ ಎಣ್ಣೆಯಲ್ಲಿ ಟೊಮೇಟೊ ಹಾಕಿ ಬೇಯಿಸಿದ ಹುರುಳಿಕಾಯಿಗೆ ಫಾಸೊಲಾಕಿಯಾ ಅನ್ನುತ್ತಾರೆ. ದೊಡ್ಡ ಬಿಳಿ ಅವರೆಯಂಥ ಕಾಳು ಗಿಗಾಂದೆಸ್. ಟೊಮೇಟೊ, ದೊಣ್ಣೆಮೆಣಸಿನಕಾಯಿಗೆ ಅನ್ನ ತುಂಬಿ ಬೇಯಿಸಿದ್ದು ಗೆಮಿಸ್ತಾ, ಇದಕ್ಕೆ ಕೆಲವರು ಕೀಮಾ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ನಾಕ್ಸೋಸ್ ಆಲೂಗಡ್ಡೆ ಇಡೀ ಗ್ರೀಸ್‌ಗೆ ಹೆಸರುವಾಸಿ. ಕರಿದು ಉಪ್ಪು ಉದುರಿಸಿ ಕೊಟ್ಟರೆ ಅಪ್ಪಯ್ಯನಿಗೆ ಮತ್ತೇನೂ ಬೇಡ. ಒಂದು ಸಣ್ಣ ಹೋಟೆಲಿನಲ್ಲಿ ನಮಗೆ ಮೆನು ಅರ್ಥವಾಗದೆ ಕೂತಿದ್ದಾಗ ಅಲ್ಲಿನ ಅಮ್ಮ ನಮ್ಮ ಅಮ್ಮನ ಕೈ ಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋದರು. ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಅಮ್ಮ ಬೆರಳು ತೋರಿಸಿ ಮೂರು ಬಗೆ ಆರಿಸಿಕೊಂಡು ಬಂದರು.

ಎರಡು ಎಚ್ಚರಿಕೆ. ನಿಸ್ತೀಸಿಮೊ ಅಂದರೆ ಉಪವಾಸದ ಅಡುಗೆ, ಆದರೆ ಅದರಲ್ಲಿ ಸಿಗಡಿ, ಆಕ್ಟೋಪಸ್ ನಡೆಯುತ್ತದೆ. ಆ ಪದ ಒಂದನ್ನೇ ನಂಬಬೇಡಿ, ಮೀನೂ ಬೇಡ, ಸಿಗಡಿಯೂ ಬೇಡ ಅಂತ ಬಿಡಿಸಿ ಹೇಳಿ. ಇನ್ನೊಂದು, ಅಲ್ಲಿನ ಗ್ರಾವಿಯೇರಾ ಚೀಸ್ ಬಹಳ ರುಚಿ, ಆದರೆ ಇಂಥ ಹಳೇ ಕಾಲದ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುವುದು ಸಾಮಾನ್ಯ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಬಿಟ್ಟುಬಿಡಿ.

ಒಂದು ದಿನ ಕಾರು ತೆಗೆದುಕೊಂಡು ಒಳನಾಡಿಗೆ ಹೋಗಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲಿಂದಲೇ ಮಾಡಿಸಿಕೊಂಡಿರಿ. ಖಾಲ್ಕಿ ಹಳ್ಳಿಯಲ್ಲಿ ಮಾದಲದ ಎಲೆಯಿಂದ ಕಿತ್ರೋನ್ ಅನ್ನುವ ಮದ್ಯ ಮಾಡುವ ಹಳೇ ಬಟ್ಟಿಮನೆ ಇದೆ. ಕುಡಿಯದವರೂ ಆ ವಾಸನೆಗೆ ಒಳಗೆ ಹೋಗಬೇಕು. ಉತ್ತರದ ತುದಿಯ ಅಪೋಲೊನಾಸ್‌ನಲ್ಲಿ ಕಲ್ಲುಗಣಿಯಲ್ಲೇ ಮಲಗಿರುವ 10 ಮೀಟರಿಗೂ ಉದ್ದದ ಅಮೃತಶಿಲೆಯ ಗಂಡಸಿನ ಮೂರ್ತಿ ಇದೆ. ಎರಡೂವರೆ ಸಾವಿರ ವರ್ಷದ ಹಿಂದೆ ಅರ್ಧ ಕಡೆದು ಬಿಟ್ಟದ್ದು. ಗಡ್ಡದ ಗುರುತಿದೆ, ಕಣ್ಣು ಮೂಗು ಸ್ಪಷ್ಟ ಆಗಿಲ್ಲ. ಅಪ್ಪಯ್ಯ ಅದರ ಪಾದದ ಹತ್ತಿರ ತುಂಬ ಹೊತ್ತು ಕೂತರು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ಬೆಟ್ಟದ ಮೇಲೆ ನಿಲ್ಲಿಸಿದರಲ್ಲ, ಇವನನ್ನು ಎಬ್ಬಿಸಲು ಯಾರೂ ಬರಲಿಲ್ಲವಲ್ಲ ಅಂತ ಅವರಿಗೆ ಸಂಕಟ.

ಸಂಜೆ ಏಳೂಕಾಲು ಹೊತ್ತಿಗೆ ಬಂದರಿನ ಪಕ್ಕದ ಪೊರ್ತಾರಾಕ್ಕೆ ಹೋಗಿ. ಕ್ರಿಸ್ತಪೂರ್ವ 530ರ ಆಸುಪಾಸು ಲಿಗ್ಡಾಮಿಸ್ ಎಂಬ ದೊರೆ ಶುರುಮಾಡಿ ಮುಗಿಯದೇ ಹೋದ ದೇವಸ್ಥಾನ, ಈಗ ಬರೀ ಬಾಗಿಲ ಚೌಕಟ್ಟು ನಿಂತಿದೆ. ಅದರೊಳಗಿಂದ ಸೂರ್ಯ ಮುಳುಗುವುದನ್ನು ನೋಡಬಹುದು.

ಈಗ ಗಾಳಿಯ ಕಥೆ. ವಾಪಸ್ ಬರುವ ದಿನ ನಾವು ಸಣ್ಣ ವೇಗದ ಬೋಟು ಬುಕ್ ಮಾಡಿದ್ದೆವು. ಬೆಳಿಗ್ಗೆ ಎದ್ದರೆ ಸಮುದ್ರ ತುಂಬ ಬಿಳಿ ನೊರೆ. ಹತ್ತು ಗಂಟೆಗೆ ಬೋಟು ರದ್ದು ಅಂತ ಮೆಸೇಜ್ ಬಂತು. ಗಾಳಿ ಜೋರಾದರೆ ಮೊದಲು ನಿಲ್ಲಿಸುವುದು ಇಂಥ ಸಣ್ಣ ಬೋಟುಗಳನ್ನೇ. ಮರುದಿನ ಸಂಜೆ ಅಥೆನ್ಸ್‌ನಿಂದ ವಿಮಾನ. ಅಮ್ಮ ಬ್ಯಾಗಿನ ಮೇಲೆ ಕೂತು ಜಪ ಮಾಡುತ್ತಿದ್ದರು. ಟಿಕೆಟ್ ಆಫೀಸಿನ ಸಾಲಲ್ಲಿ ಎರಡು ಗಂಟೆ ನಿಂತು ಮರುದಿನ ಬೆಳಿಗ್ಗೆಯ ದೊಡ್ಡ ಹಡಗಿಗೆ ನಾಲ್ಕು ಸೀಟು ಸಿಕ್ಕಿತು. ವಿಮಾನ ಹೊರಡಲು ಎರಡೂವರೆ ಗಂಟೆ ಇರುವಾಗ ಏರ್‌ಪೋರ್ಟ್ ಮುಟ್ಟಿದೆವು.

ಆದ್ದರಿಂದ ಹೋಗುವಾಗ, ಬರುವಾಗ ಎರಡೂ ಸಲ ಅಥೆನ್ಸ್ ಪಕ್ಕದ ಪಿರಾಯಸ್ ಬಂದರಿನ ದೊಡ್ಡ ಹಡಗನ್ನೇ ಹಿಡಿಯಿರಿ. ಐದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಆದರೆ ಓಡಾಡಬಹುದು, ಒಳ್ಳೆ ಶೌಚಾಲಯ ಇದೆ, ವಾಂತಿಯ ಕಾಟ ಕಡಿಮೆ. ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಇರಬೇಕು, ದ್ವೀಪದಲ್ಲಲ್ಲ. ಇದೊಂದು ವಿಷಯದಲ್ಲಿ ರಾಜಿ ಬೇಡ.

ಗ್ರೀಸ್‌ಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಸೆಪ್ಟೆಂಬರ್ ಪ್ರಯಾಣಕ್ಕೆ ಮೇ, ಜೂನ್‌ನಲ್ಲೇ ಸ್ಲಾಟ್ ಹಿಡಿಯಿರಿ. 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಬಿಪಿ ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಕೈಬ್ಯಾಗಿನಲ್ಲೇ ಇಡಿ. ರೂಮಿನ ಬಾಡಿಗೆಯ ಜೊತೆ ಸರ್ಕಾರದ ತೆರಿಗೆ ಅಂತ ರಾತ್ರಿಗೆ ಇಷ್ಟು ಯೂರೋ ಅಲ್ಲೇ ಕಟ್ಟಬೇಕಾಗುತ್ತದೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಎಷ್ಟು ದಿನ ಬೇಕು ಅಂತಲೂ ಹೇಳಿಬಿಡುತ್ತೇನೆ. ನಾಕ್ಸೋಸ್‌ನಲ್ಲಿ ಏಳು ರಾತ್ರಿ, ಅಥೆನ್ಸ್‌ನಲ್ಲಿ ಎರಡು. ಏಳನ್ನು ಮುರಿದು ಮೂರು ದ್ವೀಪಕ್ಕೆ ಹಂಚಬೇಡಿ. ನಮ್ಮ ಅಮ್ಮನಿಗೆ ನೀರಿಗಿಳಿಯುವ ಧೈರ್ಯ ಬಂದದ್ದು ಮೂರನೇ ದಿನ.